ಕಾವಿಗೆ ಇಟ್ಟ ಹನ್ನೊಂದು ಮೊಟ್ಟೆ

ಹೋದ ತಿಂಗಳು ನಮ್ಮ ಮಹಡಿ ಮೆಟ್ಟಿಲ ಮೇಲೆ ಯಾರದೋ ಚೀಲದಿಂದ ಒಂದು ಕೆಟ್ಟ ಮೊಟ್ಟೆ ಬಿದ್ದು ಒಡೆಯಿತು. ಎರಡೇ ನಿಮಿಷದಲ್ಲಿ ಮೂರು ಅಂತಸ್ತಿನ ಬಾಗಿಲುಗಳೂ ಮುಚ್ಚಿಕೊಂಡವು. ನಾನೊಬ್ಬಳು ಸೆರಗನ್ನು ಮೂಗಿಗೆ ಹಿಡಿದು ಅಲ್ಲೇ ನಿಂತಿದ್ದೆ. ಒಳಗೆ ಬನ್ನಿ ಎಂದು ಸೊಸೆ ಎರಡು ಸಲ ಕರೆದಳು. ಆ ವಾಸನೆ ನನಗೆ ಹೊಸದಲ್ಲ. ಹೊಳಲ್ಕೆರೆಯ ಹಿತ್ತಲೊಂದರಲ್ಲಿ ಅದು ಮೊದಲ ಸಲ ಮೂಗಿಗೆ ಬಡಿದಾಗ ನನಗೆ ಇಪ್ಪತ್ತೊಂದು ವರ್ಷ. ಆವತ್ತು ನಾನು ಬಾಯಿ ಬಿಡಬೇಕಾಗಿತ್ತು... ಬಿಡಲಿಲ್ಲ.

ಇಸವಿ ಎಪ್ಪತ್ತಮೂರೋ ಎಪ್ಪತ್ನಾಲ್ಕೋ ಇರಬೇಕು. ಮದುವೆಯಾಗಿ ಹೊಳಲ್ಕೆರೆಗೆ ಬಂದ ಹೊಸದು. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಮಾವನವರು, ಅಷ್ಟೇ. ಮಾವನವರು ನಿವೃತ್ತ ಮೇಷ್ಟರು. ಅವರ ಮಡಿಗೆ ಹೆದರಿ ನಮ್ಮ ಬಾವಿಕಟ್ಟೆಯ ಮೇಲೆ ಕಾಗೆ ಕೂಡ ಯೋಚನೆ ಮಾಡಿ ಕೂರುತ್ತಿತ್ತು. ಆ ಮನೆಯಲ್ಲಿ ಮೊಟ್ಟೆ ಎನ್ನುವ ಮಾತನ್ನೂ ಯಾರೂ ಆಡುತ್ತಿರಲಿಲ್ಲ.

ಪಕ್ಕದ್ದು ಕುರಿ ಸಾಕುವವರ ಮನೆ. ಎರಡು ಹಿತ್ತಲುಗಳ ನಡುವೆ ಕಳ್ಳಿಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಸಂದು. ಆ ಮನೆಯ ಸೊಸೆ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ತೆಳ್ಳಗೆ, ಎತ್ತರಕ್ಕೆ ಇದ್ದಳು. ನಗು ಬಂದರೆ ಹಲ್ಲು ಕಾಣದಂತೆ ಕೈ ಅಡ್ಡ ಹಿಡಿಯುತ್ತಿದ್ದಳು. ಬೆಳಿಗ್ಗೆ ನಾನು ನೀರು ಸೇದಲು ಹೋದರೆ ಬೇಲಿಯ ಆಚೆಯಿಂದ, ಮೇಷ್ಟರ ಸೊಸೆಗೆ ಇವತ್ತು ಎಷ್ಟನೇ ಸ್ನಾನ ಎಂದು ಕೇಳುವಳು. ಆ ಊರಿನಲ್ಲಿ ನನ್ನನ್ನು ನಗಿಸುತ್ತಿದ್ದದ್ದು ಆಕೆ ಒಬ್ಬಳೇ.

ಅವರ ಹಿತ್ತಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಕೋಳಿಗಳಿದ್ದವು. ಹೆಣ್ಣುಕೋಳಿಗೆ ಅಲ್ಲಿ ಹ್ಯಾಟೆ ಎನ್ನುತ್ತಾರೆ. ಕಪ್ಪು ಹ್ಯಾಟೆಗಳು, ಚುಕ್ಕೆ ಹ್ಯಾಟೆಗಳು, ಕತ್ತಿನ ಮೇಲೆ ಒಂದು ಗರಿಯೂ ಇಲ್ಲದ ಬೋಳುಕತ್ತಿನವು, ಹಿರಿಯೂರಿನ ಕಡೆಯಿಂದ ತಂದ ಜಗಳಗಂಟ ಅಸೀಲ್ ಹುಂಜ ಒಂದು. ಇಷ್ಟು ದಿನ ಕೋಳಿ ಎಂದರೆ ಕೋಳಿ ಎಂದುಕೊಂಡಿದ್ದ ನನಗೆ ಯಾವುದು ಒಳ್ಳೆಯ ತಾಯಿ, ಯಾವುದು ಮೊಟ್ಟೆ ಇಟ್ಟು ಮರೆತುಬಿಡುವ ಬೇಜವಾಬ್ದಾರಿ ಎಂದು ಆಕೆ ಬೇಲಿಯ ಮೇಲಿನಿಂದಲೇ ತೋರಿಸಿಕೊಟ್ಟಳು. ಆದರೆ ಒಂದು ಕೆಲಸಕ್ಕೆ ಮಾತ್ರ ಆಕೆಗೆ ಅಪ್ಪಣೆ ಇರಲಿಲ್ಲ. ಕಾವಿಗೆ ಬಂದ ಕೋಳಿಯ ಕೆಳಗೆ ಮೊಟ್ಟೆ ಇಡುವ ಕೆಲಸ.

ಅದಕ್ಕೆ ಕೈಗುಣ ಬೇಕು ಎನ್ನುತ್ತಿದ್ದರು. ಆಕೆಯ ಅತ್ತೆಯೇ ಇಳಿಹೊತ್ತಿನಲ್ಲಿ ಸ್ನಾನ ಮಾಡಿ ಬಂದು, ಬುಟ್ಟಿಗೆ ಬೂದಿ, ಹುಲ್ಲು ಹಾಕಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಕಬ್ಬಿಣದ ಮೊಳೆ, ಒಂದು ಒಣಮೆಣಸಿನಕಾಯಿ ಇಟ್ಟು, ಬೆಸ ಲೆಕ್ಕದಲ್ಲಿ ಮೊಟ್ಟೆ ಜೋಡಿಸುತ್ತಿದ್ದರು. ಅಕ್ಕ ಮದುವೆಯಾಗಿ ಬಂದ ವರ್ಷ ಒಂದೇ ಒಂದು ಸಲ ಇಟ್ಟಿದ್ದಳಂತೆ. ನಡುವೆ ಕೋಳಿ ಎದ್ದು ಹೋಯಿತೋ ಏನೋ, ಅಷ್ಟೂ ಮೊಟ್ಟೆ ಕೊಳೆತವು. ಅಂದಿನಿಂದ ಆಕೆಯದು ಕೆಟ್ಟ ಕೈ ಎಂದಾಯಿತು. ಹೆಸರು ಒಂದು ಸಲ ಅಂಟಿಕೊಂಡರೆ ಕೇಳಬೇಕೆ? ಬಿತ್ತನೆಯ ದಿನ ಮನೆಯ ಹೆಂಗಸರೆಲ್ಲ ಕೂರಿಗೆಗೆ ಬೀಜ ಬಿಡಲು ಹೋದರೆ, ಆಕೆಯನ್ನು ಬುತ್ತಿ ಹೊರಿಸಿ ಬದುವಿನ ಮೇಲೆ ನಿಲ್ಲಿಸುತ್ತಿದ್ದರು. ಹನ್ನೆರಡು ವರ್ಷ ಹಾಗೆ ನಿಂತಿದ್ದಳು. ಇದನ್ನೆಲ್ಲ ಆಕೆ ನಗುತ್ತಲೇ ಹೇಳುತ್ತಿದ್ದಳು. ಬದುವಿನ ಮಾತು ಬಂದಾಗ ಮಾತ್ರ ನಗು ನಿಲ್ಲುತ್ತಿತ್ತು.

ಆ ಬೇಸಿಗೆಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರು ಹೊಸ ಸುದ್ದಿ ತಂದರು. ಬಿಳಿ ಲೆಗಾರ್ನ್ ಎಂಬ ಕೋಳಿ ವರ್ಷವಿಡೀ ಮೊಟ್ಟೆ ಇಡುತ್ತದೆ, ಕೆಂಪು ರೋಡ್ ಐಲ್ಯಾಂಡ್ ಕೋಳಿ ಮೈ ತುಂಬಿಕೊಂಡು ಬೆಳೆಯುತ್ತದೆ, ಆದರೆ ಬಿಳಿಯದಕ್ಕೆ ಕಾವು ಕೂರುವುದೇ ಗೊತ್ತಿಲ್ಲ, ಅದರ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗೇ ಇಟ್ಟು ಮರಿ ಮಾಡಿಸಬೇಕು ಎಂದರು. ಅಕ್ಕ ಅವರ ಬೆನ್ನು ಹತ್ತಿ ಬಿಳಿಯದರ ನಾಲ್ಕು, ಕೆಂಪಿನದರ ನಾಲ್ಕು ಮೊಟ್ಟೆ ಗಿಟ್ಟಿಸಿದಳು. ಭರಮಸಾಗರದ ಕಡೆಯ ತವರಿಗೆ ಹೇಳಿಕಳಿಸಿ ಕಾವಿಗೆ ಬಂದ ಒಂದು ಕಪ್ಪು ಹ್ಯಾಟೆಯನ್ನು, ಅದರದೇ ಮೂರು ಮೊಟ್ಟೆಗಳ ಜೊತೆ, ತಮ್ಮನ ಕೈಯಲ್ಲಿ ತರಿಸಿಕೊಳ್ಳುವ ಏರ್ಪಾಡು ಮಾಡಿದಳು. ಆಮೇಲೆ ಬೇಲಿಯ ಸಂದಿಗೆ ಬಂದು ನನ್ನ ಕೈ ಹಿಡಿದಳು.

"ನಿಮ್ಮ ಸೌದೆ ಕೊಟ್ಟಿಗೇಲಿ ಇಪ್ಪತ್ತೊಂದು ದಿನ ಜಾಗ ಕೊಡೇ. ಮರಿ ಆದ ಮ್ಯಾಲೆ ನಮ್ಮ ಅತ್ತಿ ಮುಂದೆ ತಗಂಡೋಗಿ ಬಿಡ್ತೀನಿ. ನನ್ ಕೈ ಕೆಟ್ಟದ್ದಲ್ಲ ಅಂತ ಆಗ ಹೇಳ್ಲಿ. ಈ ಸಲ ಬಿತ್ತನಿಗೆ ನಾನೂ ಬೀಜ ಬಿಡಬೇಕು."

ನಾನು ಹೂಂ ಎಂದೆ. ಧೈರ್ಯದಿಂದಲ್ಲ, ಬೇಡ ಎನ್ನಲು ಬಾಯಿ ಬರಲಿಲ್ಲ.

ಮಾರನೆಯ ಬೆಳಿಗ್ಗೆ ತೌಡು ತುಂಬಿದ ಬಟ್ಟೆಯಲ್ಲಿ ಎಂಟು ಮೊಟ್ಟೆಗಳನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. ಹ್ಯಾಟೆ ಸಂಜೆಯ ಬಸ್ಸಿಗೆ ಬರುವುದಿತ್ತು. ಕೊಟ್ಟಿಗೆಯ ತಗಡಿನ ಕೆಳಗೆ ಬಿಸಿಲಿಗೆ ಬೆಂದುಹೋಗುತ್ತವೆ, ಅಲ್ಲಿಯವರೆಗೆ ಮನೆಯೊಳಗೆ ತಣ್ಣಗಿರುವ ಕಡೆ ಇಡು ಎಂದಳು. ಮಾವನವರು ದುರ್ಗಕ್ಕೆ ಹೋಗಿದ್ದರು. ನಾನು ಬಟ್ಟೆ ಬಿಚ್ಚಿ ನೋಡಿದೆ. ಚಿಪ್ಪಿನ ಮೇಲೆ ಹಿಕ್ಕೆ ಅಂಟಿತ್ತು, ಒಂದೆರಡು ಪುಕ್ಕ ಬೇರೆ. ಇವನ್ನು ಈ ಮನೆಯ ಹೊಸಲು ದಾಟಿಸುವುದು ಹೇಗೆ? ಬಚ್ಚಲಿಗೆ ಹೋಗಿ, ಅರಿಸಿನ ಹಾಕಿದ ನೀರಿನಲ್ಲಿ, ನಾರಿನಿಂದ ಒಂದೊಂದನ್ನೂ ಉಜ್ಜಿ ಉಜ್ಜಿ ತೊಳೆದೆ. ಒರೆಸಿ ಒಣಗಿಸಿ ನಡುಮನೆಯ ಮೂಲೆಯಲ್ಲಿಟ್ಟು, ತಲೆಗೆ ಸ್ನಾನ ಮಾಡಿದೆ. ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂದು ನನ್ನನ್ನೇ ಮೆಚ್ಚಿಕೊಂಡದ್ದೂ ನೆನಪಿದೆ. ಕೋಳಿ ಸಾಕುವ ಯಾವ ಹೆಂಗಸೂ ಮಾಡದ ಕೆಲಸ ಅದು. ನಾನು ಕೋಳಿ ಸಾಕಿದವಳಲ್ಲ, ಮೇಷ್ಟರ ಸೊಸೆ.

ಇಳಿಹೊತ್ತಿಗೆ ಆಕೆ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು, ತಮ್ಮ ತಂದ ಹ್ಯಾಟೆಯನ್ನೂ ಅದರ ಮೂರು ಮೊಟ್ಟೆಗಳನ್ನೂ ಎತ್ತಿಕೊಂಡು ಬಂದಳು. ಕೊಟ್ಟಿಗೆಯ ಮಬ್ಬಿನಲ್ಲಿ ಬುಟ್ಟಿ ಸಿದ್ಧಮಾಡಿ, ಮೊಳೆ, ಮೆಣಸಿನಕಾಯಿ ಇಟ್ಟು, ಹನ್ನೊಂದು ಮೊಟ್ಟೆಗಳನ್ನು ಒಂದೊಂದಾಗಿ ಜೋಡಿಸಿದಳು. ಸರ್ಕಾರದ ಮೊಟ್ಟೆ ಎಷ್ಟು ಚೊಕ್ಕ ಅವೆ ನೋಡು ಎಂದು ಮೆಲ್ಲಗೆ ನಕ್ಕಳು. ಹ್ಯಾಟೆ ರೆಕ್ಕೆ ಅಗಲಿಸಿ ಕೂತಿತು.

ಆ ಇಪ್ಪತ್ತು ದಿನ ನಾನು ಹೊಟ್ಟೆ ತುಂಬ ಉಂಡ ನೆನಪಿಲ್ಲ. ಹ್ಯಾಟೆ ದಿನಕ್ಕೊಂದು ಸಲ ಎದ್ದು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ ಬರಬೇಕು. ಮಾವನವರು ಪೂಜೆಗೆ ಕೂತು ಗಂಟೆ ಬಾರಿಸಲು ಶುರುಮಾಡಿದ ಕೂಡಲೇ ನಾನು ಕೊಟ್ಟಿಗೆಯ ಬಾಗಿಲು ತೆಗೆಯುತ್ತಿದ್ದೆ, ಮಂಗಳಾರತಿಯ ಹೊತ್ತಿಗೆ ಮುಚ್ಚುತ್ತಿದ್ದೆ. ಒಂದು ದಿನ ಪೂಜೆ ಬೇಗ ಮುಗಿದುಬಿಟ್ಟಿತು. ಹ್ಯಾಟೆ ಇನ್ನೂ ತುಳಸಿಕಟ್ಟೆಯ ಹಿಂದೆ ಮಣ್ಣು ಕೆದರುತ್ತಿತ್ತು. ಪಕ್ಕದವರ ಕೋಳಿ ಇಲ್ಲಿಗೂ ಬಂತೇ ಎಂದು ಮಾವನವರು ಕೋಲೆತ್ತಿದರು. ನಾನೇ ಓಡಿಸುತ್ತೇನೆ ಎಂದು ಅದನ್ನು ಕೊಟ್ಟಿಗೆಯ ಸುತ್ತ ಓಡಿಸಿದೆ, ಅವರು ಒಳಗೆ ಹೋಗುವ ತನಕ ಓಡಿಸಿದೆ. ಈಗ ಹೇಳಿದರೆ ನಗು ಬರುತ್ತದೆ.

ಏಳನೆಯ ದಿನ ತಗಡಿನ ತೂತಿನಿಂದ ಬೀಳುವ ಬಿಸಿಲಿಗೆ ಅಕ್ಕ ಮೊಟ್ಟೆಗಳನ್ನು ಹಿಡಿದು ನೋಡಿದಳು. ಬಿಳಿಯವುಗಳಲ್ಲಿ ಕೆಂಪು ಎಳೆಗಳು ಕಂಡವು, ನನಗೂ ತೋರಿಸಿದಳು. ಜೀವ ಕಟ್ಟೈತೆ ಎಂದಾಗ ಆಕೆಯ ದನಿ ಬೇರೆಯಾಗಿತ್ತು. ಎರಡನೆಯ ವಾರದಲ್ಲಿ ಒಂದು ರಾತ್ರಿ ಗುಡುಗು ಮಳೆ ಬಂತು. ಬೆಳಿಗ್ಗೆ ಎದ್ದವಳೇ ಆಕೆ ಬೇಲಿಯ ಹತ್ತಿರ ನಿಂತಿದ್ದಳು. ಹದಿನೆಂಟನೆಯ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಮೊಟ್ಟೆಗಳನ್ನು ತೇಲಿಬಿಟ್ಟಳು. ಒಳಗೆ ಮರಿ ಇದ್ದರೆ ಮೊಟ್ಟೆ ತಾನಾಗಿ ಅಲುಗುತ್ತದೆ. ತವರಿನ ಮೂರೂ ಅಲುಗಿದವು. ಉಳಿದ ಎಂಟು ಸುಮ್ಮನೆ ತೇಲಿದವು. ಇವು ದೊಡ್ಡ ಜಾತಿಯವು, ನಿಧಾನ ಇರಬೇಕು ಎಂದು ಆಕೆಯೇ ಹೇಳಿ, ಒರೆಸಿ ಮತ್ತೆ ಬುಟ್ಟಿಗಿಟ್ಟಳು.

ಇಪ್ಪತ್ತನೆಯ ದಿನ ಬೆಳಿಗ್ಗೆ ಕಾಂಪೌಂಡರು ಪಕ್ಕದ ಹಟ್ಟಿಗೆ ಕುರಿಗಳಿಗೆ ಸೂಜಿ ಹಾಕಲು ಬಂದಿದ್ದರು. ನಾನು ನೀರು ಸೇದುತ್ತಿದ್ದೆ. ಕೊಟ್ಟಿಗೆಯಲ್ಲಿ ಠಪ್ ಎಂದಿತು. ಹಿಂದೆಯೇ ಆ ವಾಸನೆ. ಹಗ್ಗ ನನ್ನ ಕೈಯಿಂದ ಜಾರಿತು. ಜಗುಲಿಯಿಂದ ಮಾವನವರು ಪಂಚೆಯ ಚುಂಗು ಮೂಗಿಗೆ ಹಿಡಿದು ಬಂದು ಕೊಟ್ಟಿಗೆಯ ಬಾಗಿಲು ತಳ್ಳಿದರು. ಹ್ಯಾಟೆ ಮೈಯೆಲ್ಲ ಗರಿಗೆದರಿ ಕೊರ್ರೆಂದಿತು. ಅವರು ನನ್ನ ಕಡೆ ತಿರುಗಿ, ಇದೇನು ಎಂದು ಕೇಳಿದರು.

ಅಷ್ಟರಲ್ಲಿ ಅಕ್ಕ ಬೇಲಿ ನುಸುಳಿ ಬಂದಿದ್ದಳು. ಆಕೆಯ ಹಿಂದೆ ಅತ್ತೆ, ಕಾಂಪೌಂಡರು.

"ಮೇಷ್ಟ್ರೇ, ನಿಮ್ಮ ಸೊಸಿಗೆ ಏನೂ ಗೊತ್ತಿಲ್ಲ. ಯಾರ್ನೂ ಕೇಳ್ದೇನೇ ನಾನೇ ತಂದಿಟ್ಟಿದ್ದೆ," ಎಂದಳು.

ಕಾಂಪೌಂಡರು ಬುಟ್ಟಿಯ ಮುಂದೆ ಕೂತು ಒಂದು ಬಿಳಿ ಮೊಟ್ಟೆಯನ್ನು ಹುಷಾರಾಗಿ ಒಡೆದರು. ಅರ್ಧ ಬೆಳೆದ ಮರಿ ಕಪ್ಪಾಗಿ ಸತ್ತಿತ್ತು. ಇನ್ನೊಂದನ್ನು ಒಡೆದರು, ಅದೂ ಹಾಗೇ. ಚಿಪ್ಪನ್ನು ಬೆರಳಿನಿಂದ ಸವರಿ ನೋಡಿ, ಇವನ್ನು ಕಾವಿಗೆ ಇಡುವ ಮೊದಲು ಯಾರಾದರೂ ತೊಳೆದಿದ್ದೀರಾ ಎಂದು ಕೇಳಿದರು. ಮೊಟ್ಟೆಯ ಮೇಲೆ ದೇವರು ಒಂದು ಪೊರೆ ಕೊಟ್ಟಿರುತ್ತಾನೆ, ತೊಳೆದು ಉಜ್ಜಿದರೆ ಅದು ಹೋಗಿ ಹೊಲಸು ಒಳಗೆ ಇಳಿಯುತ್ತದೆ, ಮರಿ ಕೊಳೆಯುತ್ತದೆ ಎಂದರು. ಮನೆಯೊಳಗೆ ಮೊಟ್ಟೆ ತಂದದ್ದು, ಬಚ್ಚಲಲ್ಲಿ ತೊಳೆದದ್ದು, ಅದೇ ಕೈಯಲ್ಲಿ ಅಡುಗೆ ಮಾಡಿದ್ದು... ಹೇಳಿದರೆ ಆ ಸಂಜೆಯೇ ನನ್ನ ಪೆಟ್ಟಿಗೆ ತವರಿನ ದಾರಿ ಹಿಡಿಯುತ್ತಿತ್ತು. ಅಕ್ಕ ನನ್ನ ಕಡೆ ನೋಡಿದಳು. ಒಂದೇ ಒಂದು ಸಲ. ನನ್ನ ಮುಖದಲ್ಲಿ ಎಲ್ಲ ಬರೆದಿತ್ತೆಂದು ಕಾಣುತ್ತದೆ.

"ನಾನೇ ತೊಳ್ದೆ," ಎಂದಳು.

ಆಕೆಯ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೊತ್ತಾತಲ್ಲ. ಹುಟ್ಟಿದಾಗಿಂದ ಕೋಳಿ ಕಂಡಾಕಿ, ಮೊಟ್ಟಿ ತೊಳಿತೀಯ ಅಂದ್ರ ಅದು ನಿನ್ ಬುದ್ಧಿ ಅಲ್ಲ, ಕೈ. ಇನ್ನ ಯಾವತ್ತೂ ನಮ್ಮ ಹೊಲದ ಬೀಜ ಮುಟ್ಟಬ್ಯಾಡ."

ಅಕ್ಕ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬೇಲಿ ನುಸುಳಿ ಹೋದಳು. ಮಾವನವರು ಕೊಟ್ಟಿಗೆಗೆ ಸಗಣಿ ನೀರು ಹಾಕಿಸಿದರು. ಮಾರನೆಯ ದಿನ ತವರಿನ ಮೂರು ಮೊಟ್ಟೆಗಳು ಒಡೆದು ಮೂರು ಕಪ್ಪು ಮರಿಗಳು ಬಂದವಂತೆ. ಅದು ಹ್ಯಾಟೆಯ ಪುಣ್ಯ ಎಂದರಂತೆ.

ಆ ವರ್ಷದ ಬಿತ್ತನೆಗೂ ಆಕೆ ಬುತ್ತಿ ಹೊತ್ತುಕೊಂಡೇ ಹೋದಳು. ಅಂದು ಸಂಜೆ ನಾನು ಬೇಲಿಯ ಹತ್ತಿರ ಹೋಗಿ, ಅಕ್ಕ, ಅವತ್ತು ನಾನು... ಎಂದು ಶುರುಮಾಡಿದೆ. ಆಕೆ ಮುಂದೆ ಹೇಳಗೊಡಲಿಲ್ಲ.

"ಬಿಡೇ. ನೀನು ಆ ಮನೇಲಿ ಇನ್ನ ಬಾಳ್ವೆ ಮಾಡಬೇಕು. ನಂಗೆ ಬದುವಿನ ಮ್ಯಾಲೆ ನಿಂತು ರೂಢಿ ಆಗೈತೆ."

ನನಗೆ ಅಳು ಬರಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ನೆಮ್ಮದಿ. ನಾಚಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ. ಅದಾದ ಮೇಲೆ ನಾಲ್ಕು ವರ್ಷ ಆ ಬೇಲಿಯ ಪಕ್ಕದಲ್ಲೇ ಇದ್ದೆ. ಯಾವ ದಿನ ಬೇಕಾದರೂ ಸಂದಿಯಲ್ಲಿ ನುಸುಳಿ ಆಕೆಯ ಅತ್ತೆಯ ಮುಂದೆ ಒಂದು ಮಾತು ಹೇಳಬಹುದಿತ್ತು. ಮಗು ಹುಟ್ಟಲಿ, ಮಾವನವರ ಕಾಯಿಲೆ ವಾಸಿಯಾಗಲಿ, ಈ ಹಬ್ಬ ಕಳೆಯಲಿ ಎಂದು ಮುಂದೂಡಿದೆ. ಆಮೇಲೆ ವರ್ಗವಾಯಿತು, ಊರು ಬಿಟ್ಟೆವು.

ಹೋದ ತಿಂಗಳು ಮೆಟ್ಟಿಲ ಮೇಲೆ ಆ ಮೊಟ್ಟೆ ಒಡೆದ ಮರುವಾರ ನಾನೊಬ್ಬಳೇ ಹೊಳಲ್ಕೆರೆಯ ಬಸ್ಸು ಹತ್ತಿದೆ. ಬೇಲಿ ಇದ್ದ ಕಡೆ ಗೋಡೆ ಎದ್ದಿದೆ. ಅಕ್ಕ ಹೋಗಿ ಎರಡು ವರ್ಷವಾಯಿತಂತೆ. ಆಕೆಯ ಸೊಸೆ ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಹಿತ್ತಲ ತುಂಬ ಕೋಳಿಗಳು, ಬಿಳಿ, ಕೆಂಪು, ನಾಟಿ, ನನಗೆ ಹೆಸರು ಗೊತ್ತಿಲ್ಲದ ಜಾತಿಗಳು. ಎಲ್ಲ ಅತ್ತೆಯೇ ಕೂಡಿಸಿದ್ದು ಎಂದಳು. ಕಾವಿಗೂ ಅಕ್ಕನೇ ಇಡುತ್ತಿದ್ದಳೇ ಎಂದು ಕೇಳಿದೆ.

"ಇಲ್ರಿ. ಅದೊಂದು ಮಾತ್ರ ಮುಟ್ತಿರಲಿಲ್ಲ. ಯಜಮಾನಿಕೆ ಕೈಗೆ ಬಂದ ಮ್ಯಾಲೂ ನನ್ನನ್ನೇ ಕರೆಯೋರು. ನಾನು ಇಟ್ರೆ ಏನಾರ ಒಂದು ಆಗೇ ಆಗುತ್ತೆ, ನನ್ ಕೈ ಸರಿಯಿಲ್ಲ ಅನ್ನೋರು."

ಆಗ ನಾನು ಹೇಳಿದೆ. ಬಚ್ಚಲು, ಅರಿಸಿನದ ನೀರು, ನಾರು, ಎಲ್ಲವನ್ನೂ. ಆ ಹುಡುಗಿ ಮೊರದಲ್ಲಿದ್ದ ಕಾಳು ಆರಿಸುವುದನ್ನು ನಿಲ್ಲಿಸಿ ಕೇಳಿದಳು. ಅತ್ತೆ ಇದ್ದಾಗ ಬಂದು ಹೇಳಿದ್ದರೆ ಆಗಿರೋದು ಎಂದಳು. ಅದರಲ್ಲಿ ಕೋಪ ಇರಲಿಲ್ಲ.

ಇಷ್ಟು ವರ್ಷ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಊರು ಏನೇ ಅಂದುಕೊಳ್ಳಲಿ, ತನ್ನ ಕೈ ಕೆಟ್ಟದ್ದಲ್ಲ ಎಂಬುದು ಆಕೆಗಾದರೂ ಗೊತ್ತಲ್ಲ, ಸುಳ್ಳು ಹೇಳಿದ್ದು ತಾನೇ ಅಲ್ಲವೇ ಎಂದು. ತೊಳೆದವಳು ನಾನೆಂದು ಗೊತ್ತಿದ್ದೂ, ತಾನು ಇಟ್ಟದ್ದಕ್ಕೇ ಹಾಗಾಯಿತು ಎಂದುಕೊಂಡಿದ್ದಳು. ನನ್ನನ್ನು ಉಳಿಸಲು ಹೇಳಿದ ಸುಳ್ಳನ್ನು ಆಕೆ ನಲವತ್ತು ವರ್ಷ ನಂಬಿಕೊಂಡೇ ಬದುಕಿದಳು. ಅದನ್ನು ಅಳಿಸಲು ಇದ್ದವಳು ನಾನೊಬ್ಬಳೇ, ನಾನು ಬರಲಿಲ್ಲ.