ಅಕ್ಕನ ಬುತ್ತಿಗೆ ಜೋಡಿ ಇರಲಿಲ್ಲ

ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹರೆಯದಿಂದಲೂ ಗೇರುಬೀಜ ಒಡೆದು, ಆ ಸಿಪ್ಪೆಯ ಎಣ್ಣೆ ತಾಗಿ ತಾಗಿ ತುದಿಗಳು ಕಪ್ಪಾಗಿ, ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ನಮ್ಮ ಕಾರ್ಖಾನೆಯ ಬಾಗಿಲಿಗೆ ಬೆರಳೊತ್ತುವ ಹಾಜರಿ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ಅಕ್ಕನನ್ನು ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಒಂದೊಂದೇ ಬೆರಳು ಒತ್ತಿ ನೋಡಿ, ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬರುತ್ತಿದ್ದರು. "ಎಲ್ರಿಗಿಂತ ಮೊದ್ಲ್ ಬಪ್ಪೋಳ್ ನಾನ್. ಬರ್ಲಿಲ್ಲ ಅಂದೇಳಿ ಹೇಳ್ಸ್ಕಂಬೋಳೂ ನಾನೇ" ಅನ್ನುತ್ತಿದ್ದರು.

ಅವರು ನಮ್ಮ ಸುಲಿಯುವ ವಿಭಾಗದ ಸೂಪರ್‌ವೈಸರ್. ಧಣಿಯಿಂದ ಹಿಡಿದು ಲಾರಿಯವರ ತನಕ ಎಲ್ಲರಿಗೂ ಅಕ್ಕ. ನಾನು ಅಲ್ಲಿ ಕೆಲಸಕ್ಕೆ ಸೇರಿದ್ದು ಮಗಳನ್ನು ಬ್ರಹ್ಮಾವರದ ಕಡೆ ಮದುವೆ ಮಾಡಿಕೊಟ್ಟ ವರ್ಷ. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಬೀಜಾಡಿಯ ಮನೆಯಲ್ಲಿ ಉಳಿದವಳು ನಾನೊಬ್ಬಳು. ಹಿಂದೆ ಬುಟ್ಟಿ ಹೊತ್ತು ಮೀನು ಮಾರಿದವಳು ನಾನು, ಬಾಯಿ ಸುಮ್ಮನಿದ್ದದ್ದೇ ಇಲ್ಲ. ಮನೆಯಲ್ಲಿ ಮಾತಾಡಲು ಜನ ಇಲ್ಲದ ಮೇಲೆ ಆ ಬಾಯಿಗೂ ತುಕ್ಕು ಹಿಡಿಯಿತು. ಕಾರ್ಖಾನೆಯಲ್ಲೂ ತಲೆ ತಗ್ಗಿಸಿ ಸುಲಿಯುತ್ತಿದ್ದೆ, ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಸಂಬಳದ ದಿನ ಬಂದರೆ ಬಿಟ್ಟುಬಿಡುವುದು ಅಂತ ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು.

ಬಿಡುವವಳು ನಾನೊಬ್ಬಳೇ ಅಲ್ಲ. ಹೆದ್ದಾರಿ ಅಗಲವಾದ ಮೇಲೆ ಬೆಳಿಗ್ಗೆ ವ್ಯಾನುಗಳು ಬಂದು ಹೆಂಗಸರನ್ನು ಉಡುಪಿ ಕಡೆಯ ದೊಡ್ಡ ದೊಡ್ಡ ಅಂಗಡಿಗಳಿಗೆ ಕರೆದೊಯ್ಯುತ್ತಿದ್ದವು. ಇಂದು ಪಕ್ಕದಲ್ಲಿ ಕೂತವಳು ನಾಳೆ ಇಲ್ಲ. ಧಣಿ ಹಬ್ಬಕ್ಕೆ ಸೀರೆ ಕೊಟ್ಟರು. ಅದೇ ಸೀರೆ ಉಟ್ಟುಕೊಂಡು ಕೆಲವರು ವ್ಯಾನು ಹತ್ತಿದರು. ತಪ್ಪದೆ ಬಂದವಳ ಫೋಟೋ ಗೋಡೆಗೆ ಹಾಕಿಸಿದರು. ಉಳಿದವರು ಅವಳ ಹತ್ತಿರ ಮಾತು ಬಿಟ್ಟರು. ಜನ ನಿಲ್ಲದಿದ್ದರೆ ಬಾಗಿಲು ಹಾಕುವುದೇ ಸೈ ಅಂತ ಧಣಿ ಅಕ್ಕನ ಎದುರು ಹೇಳಿದ್ದರಂತೆ.

ಅಕ್ಕನಿಗೆ ಒಂದು ಅಭ್ಯಾಸವಿತ್ತು. ಕೆಲಸ ಶುರುವಾಗುವ ಮೊದಲು ಒಬ್ಬೊಬ್ಬರ ಹತ್ತಿರ ಬಂದು, "ರಾತ್ರಿ ಎಂತ ಪದಾರ್ಥ ಮಾಡ್ದ್ಯೆ?" ಅಂತ ಕೇಳುವುದು. ಒಂದು ದಿನ ನಾನು, "ಒಬ್ಳಿಗ್ ಎಂತ ಪದಾರ್ಥ ಅಕ್ಕ, ಉಪ್ಪಿನ್ಕಾಯಿ ಇತ್ತ್" ಅಂದೆ. ಸಂಜೆ ಹೊರಡುವಾಗ ಅಕ್ಕ ನನ್ನ ಖಾಲಿ ಬುತ್ತಿ ಡಬ್ಬಿಯನ್ನು ಕೈಯಿಂದ ಕಿತ್ತು ತೆಕ್ಕಟ್ಟೆಯ ಒಬ್ಬಳಿಗೆ ಕೊಟ್ಟರು, ಅವಳದ್ದನ್ನು ನನಗೆ.

"ಖಾಲಿ ಡಬ್ಬಿ ವಾಪಸ್ ಕೊಡುಕಾಗ. ನಾಳೆ ನಿನ್ ಊಟ ಅವ್ಳ್ ತತ್ತ್, ಅವ್ಳ್ ಊಟ ನೀನ್ ತಾ. ನೀನ್ ಬರ್ದಿದ್ರೆ ಅವ್ಳ್ ಉಪಾಸ, ಕಾಣ್."

ತೆಕ್ಕಟ್ಟೆಯವಳದು ದೇವಸ್ಥಾನದ ಪಕ್ಕದ ಮನೆ. ಮೀನಿನ ವಾಸನೆಗೇ ಮೂಗು ಮುಚ್ಚುವವಳು. ಅಕ್ಕನಿಗೆ ಬೇರೆ ಯಾರೂ ಸಿಗಲಿಲ್ಲವಾ ಅಂತ ಬೈದುಕೊಂಡೇ ಕೋಟೇಶ್ವರದಲ್ಲಿ ಬಸ್ಸಿಳಿದು, ಮೀನು ಕಾಣದ ಒಂದು ಹೊಸ ಬಾಣಲೆ ಕೊಂಡೆ. ಎಷ್ಟೋ ಕಾಲದ ಮೇಲೆ ನನ್ನ ಮನೆಯಲ್ಲಿ ಒಗ್ಗರಣೆ ಸಿಡಿಯಿತು. ಮರುದಿನ ಅವಳು ನನ್ನ ತೊಂಡೆಕಾಯಿ ಪಲ್ಯ ಉಂಡು, "ಉಪ್ಪ್ ಒಂಚೂರ್ ಜಾಸ್ತಿ ಆಯ್ತ್" ಅಂದಳು. "ನಾಳಿಗ್ ಕಮ್ಮಿ ಮಾಡ್ತೆ" ಅಂದೆ. ಹಾಗೆ ಹೇಳಿದ ಮೇಲೆ ಕೆಲಸ ಬಿಡುವುದು ಹೇಗೆ?

ನಿಧಾನವಾಗಿ ಎಲ್ಲರಿಗೂ ಜೋಡಿಯಾಯಿತು. ಪದಾರ್ಥದ ಮಾತು ಹೋಗಿ ಮನೆಯ ಮಾತು ಬಂತು. ಜ್ವರ ಬಂದವಳೂ ಡಬ್ಬಿಯನ್ನು ಬಸ್ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದಳು. ವ್ಯಾನು ಹತ್ತಿ ಹೋದವರಲ್ಲಿ ಕೆಲವರು ಮುಖ ಸಣ್ಣ ಮಾಡಿಕೊಂಡು ಮರಳಿ ಬಂದರು. ಅಲ್ಲಿ ಸಂಬಳ ಇದೆ, ಆದರೆ ಉಂಡೆಯಾ ಅಂತ ಕೇಳುವವರಿಲ್ಲ ಅಂದರು. ಧಣಿ ಬಾಗಿಲು ಹಾಕುವ ಮಾತು ಬಿಟ್ಟರು.

ಅಕ್ಕನ ಡಬ್ಬಿಗೆ ಮಾತ್ರ ಜೋಡಿ ಇರಲಿಲ್ಲ. ಕೇಳಿದರೆ, "ನಂಗ್ ಸೊಸಿ ಕಟ್ಟಿ ಕೊಡತ್ತ್. ಬದಲ್ ಮಾಡ್ರೆ ಅವ್ಳಿಗ್ ಬೇಜಾರಾತ್ತ್" ಅನ್ನುತ್ತಿದ್ದರು. ನಾವು ಉಣ್ಣುವಾಗ ಸಾಲಿನ ನಡುವೆ ಓಡಾಡಿ, ಎಲ್ಲರ ಡಬ್ಬಿ ಇಣುಕಿ, ತಮಾಷೆ ಮಾಡಿ, ನಾವೆಲ್ಲ ಕೈ ತೊಳೆದ ಮೇಲೆ ತಾವು ಉಣ್ಣಲು ಕೂರುತ್ತಿದ್ದರು. ಸೊಸೆ ಪುಣ್ಯವಂತೆ ಅಂತ ನಾವು ಅಂದುಕೊಳ್ಳುತ್ತಿದ್ದೆವು.

ಕಳೆದ ಮಳೆಗಾಲದ ಕೊನೆಯಲ್ಲಿ ಅಕ್ಕ ಕೆಲವು ದಿನ ಕೆಲಸಕ್ಕೆ ಬರಲಿಲ್ಲ. ಭಾನುವಾರ ನಾನು ತಲ್ಲೂರಿಗೆ ಹುಡುಕಿಕೊಂಡು ಹೋದೆ. ಒಂದು ತೆಂಗಿನ ತೋಟದ ಹಿಂದೆ ಬಾಡಿಗೆಯ ಕೋಣೆ. ಕಿಟಕಿಯಲ್ಲಿ ಒಂದು ಬಟ್ಟಲು, ಒಂದು ಲೋಟ ಕವುಚಿ ಇಟ್ಟಿತ್ತು. ಚಾಪೆಯ ಮೇಲೆ ಅಕ್ಕ ಒಬ್ಬರೇ ಜ್ವರದಲ್ಲಿ ಮಲಗಿದ್ದರು. ಸೊಸೆ ಎಲ್ಲಿ ಅಂತ ಕೇಳಿದೆ.

"ಮದಿಯೇ ಆಯ್ಲಿಲ್ಲ, ಸೊಸಿ ಎಲ್ಲಿಂದ?" ಅಂತ ನಕ್ಕರು.

"ಮತ್ತೆ ಎಂತಕ್ ಹಾಂಗ್ ಹೇಳ್ದ್ರಿ?"

"ಶುರುವಿಗೆ ನಾನ್ ಸೇರಿರೆ ಲೆಕ್ಕ ಬೆಸ ಆತಿತ್ತ್. ಒಬ್ಳ್ ಉಳೀತಿತ್ತ್. ಬೇರೆ ಯಾರೋ ಉಳಿಯೂದ್ ಎಂತಕ್ಕೆ, ನಾನೇ ಉಳ್ದೆ. ಮತ್ತ್ ಹಾಂಗೇ ಆಯ್ತ್."

"ಮೂರ್ ಜನ ಸುತ್ತ್ ಹಾಕ್ಲಕ್ಕಿತ್ತಲೆ ಅಕ್ಕ. ನಿಮ್ ಡಬ್ಬಿ ನಂಗೆ, ನಂದ್ ತೆಕ್ಕಟ್ಟೆಯೋಳಿಗೆ, ಅವ್ಳ್ದ್ ನಿಮ್ಗೆ."

ಅಕ್ಕ ಆ ನುಣ್ಣಗಿನ ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದರು. "ಹೌದಲೆ. ಅದ್ ನಂಗ್ ಹೊಳಿಲೇ ಇಲ್ಲ."

ನಮಗ್ಯಾರಿಗೂ ಹೊಳೆದಿರಲಿಲ್ಲ. ಅದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ, ಅವರು ಉಣ್ಣುವಾಗ ಒಬ್ಬಳಾದರೂ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ಅಷ್ಟು ಜನರ ನಡುವೆ ಇಷ್ಟು ವರ್ಷ ಅಕ್ಕ ಒಬ್ಬರೇ ಉಂಡರು.

ಹೊರಡುವಾಗ ಅವರ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಬೇಡ ಅನ್ನಲಿಲ್ಲ. "ನಾಳೆ ಕೆಲಸಕ್ ಬತ್ತೆ. ಬಂಗುಡಿ ಸಾರ್ ಮಾಡ್, ಖಾರ ಇರ್ಲಿ" ಅಂದರು.

ಮರುದಿನ ಧಣಿ ಗೇಟಿನಲ್ಲೇ ನಿಂತಿದ್ದರು. ಬೆಳಗಿನ ಜಾವ ಅಕ್ಕ ಹೋದರು ಅಂತ ಹೇಳಿದರು, ಇವತ್ತು ರಜೆ ಅಂದರು. ಯಾರೂ ಅಲ್ಲಾಡಲಿಲ್ಲ. ಎಲ್ಲರ ಕೈಯಲ್ಲೂ ಇನ್ನೊಬ್ಬಳ ಊಟವಿತ್ತು. ಅದನ್ನು ಅವರವರಿಗೆ ಕೊಟ್ಟೆವು, ಉಣ್ಣಲು ಯಾರಿಂದಲೂ ಆಗಲಿಲ್ಲ. ಬಂಗುಡೆ ಮೀನಿನ ಸಾರಿದ್ದ ಅಕ್ಕನ ಡಬ್ಬಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಈಗ ಡಬ್ಬಿಗಳ ಜೋಡಿ ಹಾಕುವವಳು ನಾನು. ಲೆಕ್ಕ ಬೆಸವಾದರೆ ಮೂವರ ಸುತ್ತು. ಹೊಸದಾಗಿ ಸೇರಿದವಳಿಗೆ ಮೊದಲ ಸಂಜೆ ಅಕ್ಕನ ಡಬ್ಬಿ ಕೊಡುತ್ತೇನೆ, ಯಾರದ್ದು ಅಂತ ಕೇಳಿದರೆ ಹೇಳುತ್ತೇನೆ. ಮರುದಿನ ಅದು ತುಂಬಿಯೇ ವಾಪಸ್ ಬರುತ್ತದೆ. ಭಾನುವಾರ ಮಾತ್ರ ಕಾರ್ಖಾನೆ ಇಲ್ಲ. ಆವತ್ತು ಅಕ್ಕನ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಬಂಗುಡೆ ಸಾರು, ಅನ್ನ ಬಡಿಸಿಕೊಳ್ಳುತ್ತೇನೆ. ರಾತ್ರಿ ಎಂತ ಪದಾರ್ಥ ಮಾಡಿದೆ ಅಂತ ಕೇಳುವವರಿಲ್ಲ, ಆದರೂ ಮಾಡುತ್ತೇನೆ.