ಖಾಲಿ ಚೌಕಟ್ಟಿನ ಕಮಲಮ್ಮ

ಕಮಲಮ್ಮನವರ ಮನೆಗೆ ಹೋದವರು ಯಾರೂ ತಾವಾಗಿ ಎದ್ದು ಬಂದದ್ದಿಲ್ಲ. ಅವರೇ ಎಬ್ಬಿಸಿ ಕಳಿಸುತ್ತಿದ್ದರು. ಮಾತು ಎಷ್ಟೇ ರಸವತ್ತಾಗಿರಲಿ, ಎದುರಿಗೆ ಕೂತವರು ಒಮ್ಮೆ ಹೇಳಿದ್ದನ್ನೇ ಮತ್ತೆ ಹೇಳತೊಡಗಿದರೆ ಸಾಕು, ಆ ವಾಕ್ಯ ಬರುತ್ತಿತ್ತು: "ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?" ಅದನ್ನು ಹೇಳುವಾಗ ಅವರ ದನಿ ಮನೆಯ ದನಿಯಾಗಿರುತ್ತಿರಲಿಲ್ಲ. ಮೂಗಿನಲ್ಲಿ ತುಸು ಎಳೆದ, ಸಿಟ್ಟೂ ಇಲ್ಲದ ಪ್ರೀತಿಯೂ ಇಲ್ಲದ, ಅಪ್ಪಟ ಸರ್ಕಾರಿ ದನಿ. ವಿಮೆ ಮಾಡಿಸಲು ಬಂದವರು, ಮದುವೆಗೆ ಕರೆಯಲು ಬಂದು ಛತ್ರ ಹುಡುಕಿದ ಪುರಾಣವನ್ನೆಲ್ಲ ಬಿಚ್ಚುವ ನೆಂಟರು, ಎಲ್ಲರೂ ಅದನ್ನು ಕೇಳಿದವರೇ. ಒಮ್ಮೆ ಸತ್ಯನಾರಾಯಣ ಪೂಜೆಯ ಕತೆಯನ್ನು ಎಳೆಯುತ್ತಿದ್ದ ಪುರೋಹಿತರಿಗೂ ಹಾಗೇ ಕೇಳಿದರು. ಅವರೊಬ್ಬರೇ "ಹೂಂ, ಮುಂದುವರಿಸ್ತೀನಿ" ಎಂದ ಧೈರ್ಯವಂತರು.

ಅದು ಅವರ ಕಸುಬಿನ ಮಾತು. ಕಮಲಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದವರು. ದೂರದ ಊರಿಗೆ ಮಾತಾಡಬೇಕೆಂದರೆ ಕರೆ ಬುಕ್ ಮಾಡಿ ಫೋನಿನ ಪಕ್ಕದಲ್ಲಿ ತಪಸ್ಸು ಕೂರಬೇಕಿದ್ದ ಕಾಲ ಅದು. ಕರೆಗೆ ಮೂರು ನಿಮಿಷದ ಲೆಕ್ಕ. ಅದು ಮುಗಿದ ಕೂಡಲೇ ಆಪರೇಟರ್ ನಡುವೆ ಬಾಯಿ ಹಾಕುತ್ತಿದ್ದಳು. ತೊಂಬತ್ತರ ದಶಕದಲ್ಲಿ ನಾನು ಮಲ್ಲೇಶ್ವರದ ಅವರ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬರುವ ಹೊತ್ತಿಗೆ ಮೂಲೆಮೂಲೆಗೂ ಎಸ್‌ಟಿಡಿ ಬೂತುಗಳಾಗಿ, ಟ್ರಂಕ್ ಕಾಲ್ ಕೇಳುವವರಿರಲಿಲ್ಲ. ಇಲಾಖೆ ಕಮಲಮ್ಮನವರನ್ನು ವಿಚಾರಣೆ ವಿಭಾಗದಲ್ಲಿ ಕೂರಿಸಿ ನಂಬರು ಹೇಳಿಸುತ್ತಿತ್ತು. ಕಸುಬು ಹೋದರೂ ಅಭ್ಯಾಸ ಹೋಗಲಿಲ್ಲ. ಅದನ್ನು ಮನೆಗೆ ತಂದಿಟ್ಟುಕೊಂಡಿದ್ದರು.

ಆಗ ನಾನು ಶೇಷಾದ್ರಿಪುರಂನ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಮಿಕ್ಕ ಹೊತ್ತಿನಲ್ಲಿ ಕತೆಗಾರ್ತಿಯಾಗುವ ತಯಾರಿಯಲ್ಲಿದ್ದೆ. ತಯಾರಿ ಬಹಳ ಜೋರಾಗಿತ್ತು. ಒಂದೇ ಕತೆಯ ಮೊದಲ ಪ್ಯಾರಾವನ್ನು ತಿಂಗಳುಗಟ್ಟಲೆ ಬರೆದು, ಸರಿಬರಲಿಲ್ಲವೆಂದು ಮುದುರಿ ಎಸೆಯುತ್ತಿದ್ದೆ. ಆ ಕಾಗದದ ಉಂಡೆಗಳನ್ನು ಕಮಲಮ್ಮ ಬಚ್ಚಲ ಹಂಡೆಯ ಒಲೆಗೆ ಹಾಕುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಕಾಫಿ ಕೊಡುತ್ತ ಹೇಳಿದರು: "ನಿನ್ನ ಸಾಹಿತ್ಯ ಚೆನ್ನಾಗಿ ಉರಿಯತ್ತೆ ಕಣೇ. ಅಂಕಲ್‌ಗೆ ಈ ವಾರ ಪೂರ್ತಿ ಬಿಸಿನೀರಾಯ್ತು."

ನನಗೆ ಅವಮಾನವಾಯಿತು. "ಓದಿದ್ರಾ ಆಂಟಿ?" ಎಂದೆ.

"ಓದದೇ ಒಲೆಗೆ ಹಾಕ್ತಾರಾ? ಎಲ್ಲಾ ಹಾಳೇಲೂ ಅದೇ ಹುಡುಗಿ, ಅದೇ ಕಿಟಕಿ ತೆಗೀತಾಳೆ. ಒಂದ್ಸಲಾನಾದ್ರೂ ಆಚೆ ಏನಿದೆ ಅಂತ ನೋಡಬಾರದಾ? ಸರಿ, ಈಗ ಹೇಳು. ಟ್ರಂಕ್ ಕಾಲ್ ಸಿಕ್ಕಿದೆ, ಆ ಕಡೆ ನಿಮ್ಮಮ್ಮ ಇದಾರೆ ಅಂದ್ಕೋ. ಏನಾಯ್ತು ಆ ಹುಡುಗಿಗೆ?"

ನಾನು ಕತೆಯ ವಾತಾವರಣ, ಹುಡುಗಿಯ ಮನಃಸ್ಥಿತಿ, ಕಿಟಕಿಯ ಸಾಂಕೇತಿಕತೆ ಎಂದೆಲ್ಲ ತೊದಲಿದೆ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ಸರ್ಕಾರಿ ದನಿ ಬಂತು: "ಮೂರು ನಿಮಿಷ ಆಯ್ತು." ಗಾಬರಿಯಲ್ಲಿ ನನ್ನ ಬಾಯಿಂದ ಇಡೀ ಕತೆ ನಾಲ್ಕು ವಾಕ್ಯದಲ್ಲಿ ಬಿದ್ದುಬಿಟ್ಟಿತು. ಕಮಲಮ್ಮ ಲೋಟ ಎತ್ತಿಕೊಂಡು ಹೇಳಿದರು: "ಎಲ್ಲರೂ ಹೀಗೇನೇ. ನಾನೇನು ಕದ್ದು ಕೇಳ್ತಿರಲಿಲ್ಲಮ್ಮ, ಕಿವಿಗೆ ಬೀಳೋದು. ಶುರೂನಲ್ಲೆಲ್ಲ 'ಹಲೋ, ಕೇಳಿಸ್ತಿದ್ಯಾ, ಅಲ್ಲಿ ಮಳೆ ಆಯ್ತಾ.' ನಾನು ಬಾಯಿ ಹಾಕಿದ ಮೇಲೇನೇ 'ಅಪ್ಪಂಗೆ ಹುಷಾರಿಲ್ಲ, ಹೊರಟು ಬಾ' ಅನ್ನೋದು. ಹೋಗು, ಆ ನಾಲ್ಕು ಮಾತು ಮರೆಯೋಕೆ ಮುಂಚೆ ಬರ್ಕೋ. ಕೆಟ್ಟದಾಗಿದ್ರೆ ಹಂಡೆ ಇದ್ದೇ ಇದೆ."

ಬರೆದೆ. ಅದೇನೂ ಮಹಾ ಕತೆಯಲ್ಲ. ಆದರೆ ಮುಗಿಯಿತು. ಮುಗಿದ ಕತೆಯೊಂದು ಮೇಜಿನ ಮೇಲೆ ಕೂತಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನಂಥ ಬಾಡಿಗೆಯವಳನ್ನು ಬೆಳಗಿನ ಕಾಫಿಯ ಹೊತ್ತಿನಲ್ಲಿ ರಿಪೇರಿ ಮಾಡಿದ ಇವರಿಗೆ ಕಟ್ಟಿಕೊಂಡ ಗಂಡ ಮಾತ್ರ ಜಗ್ಗಲಿಲ್ಲ. ಶ್ರೀಕಂಠಯ್ಯನವರು ಬ್ಯಾಂಕಿನಲ್ಲಿದ್ದವರು. ಬ್ಯಾಂಕುಗಳು ವಿಆರ್‌ಎಸ್ ಕೊಟ್ಟು ಮಧ್ಯವಯಸ್ಕರನ್ನು ಗುಂಪುಗುಂಪಾಗಿ ಮನೆಗೆ ಕಳಿಸಿದ ಕಾಲದಲ್ಲಿ ಇವರೂ ಬರೆದುಕೊಟ್ಟು ಬಂದರು. ಹಾಗೆ ಬಂದವರಲ್ಲಿ ಕೆಲವರು ಷೇರು ಕೊಂಡರು, ಕೆಲವರು ಮಂಡಿನೋವು ಕಂಡುಕೊಂಡರು. ಶ್ರೀಕಂಠಯ್ಯನವರು ಕಲಾವಿದರಾದರು. ಎಳೆ ವಯಸ್ಸಿನಲ್ಲಿ ಚೆನ್ನಾಗಿ ಚಿತ್ರ ಬರೆಯುತ್ತಿದ್ದರಂತೆ. ಕೆಲಸದಿಂದ ಅದೆಲ್ಲ ನಿಂತುಹೋಯಿತು ಎನ್ನುವುದು ಅವರ ಕೊರಗು. ಈಗ ಮೊದಲ ಕೃತಿಯಾಗಿ ಹೆಂಡತಿಯ ಭಾವಚಿತ್ರವನ್ನೇ ಬರೆಯುವುದೆಂದು ಘೋಷಿಸಿದರು.

ಘೋಷಿಸಿದ ಮೇಲೆ ಬೆಳಕು ಸರಿಯಿಲ್ಲವೆಂದರು. ನಡುಮನೆಯಿಂದ ಹಿಂದಿನ ಕೋಣೆಗೆ, ಅಲ್ಲಿಂದ ವರಾಂಡಕ್ಕೆ ಈಸೆಲ್ ಮೆರವಣಿಗೆ ಹೋಯಿತು. ಬ್ರಷ್ಷು ಸರಿಯಿಲ್ಲವೆಂದು ಪರದೇಶದ್ದು ತರಿಸಿದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಕಮಲಮ್ಮ. ಆಮೇಲೆ ಕಾಟನ್‌ಪೇಟೆಯ ಕಡೆ ಯಾರೋ ಒಳ್ಳೆಯ ಕೆಲಸಗಾರನಿದ್ದಾನೆಂದು ಹೋಗಿ, ಬಳ್ಳಿ ಕೆತ್ತಿದ ತೇಗದ ಚೌಕಟ್ಟನ್ನೇ ಮಾಡಿಸಿ ತಂದರು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ. ಚಿತ್ರ ಬರುವ ತನಕ ಮರ ಸೊಟ್ಟಗಾಗಬಾರದೆಂದು ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದರು. ನಡುವೆ ಬರೀ ಸುಣ್ಣದ ಗೋಡೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಬಂದ ಹೆಂಗಸರು "ಇದೇನ್ರೀ, ಖಾಲಿ ಇದೆ?" ಎಂದರೆ ಕಮಲಮ್ಮ ಕುಂಕುಮದ ಬಟ್ಟಲು ಚಾಚುತ್ತ, "ಅದರಲ್ಲಿರೋದು ನಾನೇ. ಈಚೆಗೆ ಸ್ವಲ್ಪ ಇಳಿದುಹೋಗಿದೀನಿ," ಎನ್ನುತ್ತಿದ್ದರು.

ಶ್ರೀಕಂಠಯ್ಯನವರಿಗೆ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಹಣೆ, ಕಣ್ಣು, ಮೂಗುಬಟ್ಟು, ಹೆಗಲ ಮೇಲಿನ ಸೆರಗು ಎಲ್ಲ ಬಂದಿತ್ತು, ನಿಜಕ್ಕೂ ಚೆನ್ನಾಗಿ ಬಂದಿತ್ತು. ಬಾರದ್ದು ಬಾಯಿ. ಬೆಳಿಗ್ಗೆ ಬರೆಯುವರು. ಮಧ್ಯಾಹ್ನ ದೂರ ನಿಂತು ನೋಡುವರು, ಹತ್ತಿರ ಬಂದು ನೋಡುವರು, ಒಂದು ಕಣ್ಣು ಮುಚ್ಚಿ ನೋಡುವರು. ಸಂಜೆ ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿಬಿಡುವರು. ಮನೆಯ ಸಾರಿಗೂ ಟರ್ಪೆಂಟೈನಿನ ವಾಸನೆ ಹತ್ತಿತು. ಒಂದು ವರ್ಷವಾಯಿತು, ಇನ್ನೊಂದಾಯಿತು. ಕಮಲಮ್ಮನವರ ಕೂದಲು ನರೆಯಿತೆಂದು ಚಿತ್ರದ ಕೂದಲಿಗೂ ಬಿಳಿ ಬಂತು. ಬಾಯಿರುವ ಜಾಗ ಮಾತ್ರ ಮಾಸಲು ಕಲೆಯಾಗಿಯೇ ಉಳಿಯಿತು.

"ಬಾಯಿ ಒಂದು ಗಳಿಗೆ ನಿಂತ್ರೆ ತಾನೇ ಕಮಲಾ ಬರೆಯೋದು?" ಎಂದು ಅವರ ದೂರು.

"ಬಾಯಿಲ್ಲದ ಹೆಂಡ್ತಿ ಬೇಕಿತ್ತು ಅನ್ನಿ. ಅದು ಆಗಲೇ ಬರೆದಾಗಿದೆಯಲ್ಲ!"

"ತಪ್ಪು ಬಂದ್ಬಿಟ್ರೆ?"

"ಬರಲಿ ಬಿಡಿ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರೂ ಅವರಪ್ಪನೂ ದೇವರೇ ತಾನೇ? ನೀವು ಎರಡು ವರ್ಷದಿಂದ ಬರೀ ಮಣ್ಣು ಕಲಸ್ತಾ ಇದೀರಿ."

ಇಷ್ಟೆಲ್ಲ ಗೇಲಿಯ ಹಿಂದೆ ಒಂದು ಹೊಟ್ಟೆಯುರಿ ಇತ್ತು. ಅದು ನನಗೆ ಗೊತ್ತಾದದ್ದು ತಡವಾಗಿ. ಅದೇ ನಡುಮನೆಯ ಎದುರು ಗೋಡೆಯಲ್ಲಿ ಶ್ರೀಕಂಠಯ್ಯನವರ ತಾಯಿಯ ಚಿತ್ರವಿತ್ತು, ಅವರೇ ಕಾಲೇಜು ಓದುವಾಗ ಬರೆದದ್ದು. ಒಂದು ಕಿವಿ ದೊಡ್ಡದು, ಕುತ್ತಿಗೆಯೇ ಇಲ್ಲ. ಆದರೂ ಆ ಮುದುಕಿ ಈಗಷ್ಟೇ ಅಡಿಗೆಮನೆಯಿಂದ ಬಂದು ಕೂತ ಹಾಗಿದ್ದರು. ಒಂದು ದಿನ ಅದರ ಧೂಳು ಒರೆಸುತ್ತ ಕಮಲಮ್ಮ ಹೇಳಿದರು: "ಇದನ್ನ ಒಂದೇ ಮಧ್ಯಾಹ್ನದಲ್ಲಿ ಬರೆದ್ರಂತೆ ಕಣೇ. ಅತ್ತೆ ಹುರಳೀಕಾಯಿ ಸೋಸ್ತಾ ಕೂತಿದ್ರಂತೆ, ಇವರು ಬರೆದ್ಬಿಟ್ರಂತೆ. ಅಮ್ಮನಿಗೆ ಒಂದು ಮಧ್ಯಾಹ್ನ ಸಾಕಾಯ್ತು. ನನ್ನ ಮುಖದಲ್ಲಿ ಅಂಥ ಏನು ಐಬಿದೆ?" ಅದನ್ನು ಕೇಳುವಾಗ ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

ಆ ವರ್ಷವೇ ಅವರ ಕೊರಳಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕೆಂದರು. ಜೀವಕ್ಕೆ ಭಯವಿಲ್ಲ, ಆದರೆ ದನಿಯ ನರದ ಪಕ್ಕದಲ್ಲೇ ಇದೆ, ದನಿ ಉಳಿಯುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಶ್ರೀಕಂಠಯ್ಯನವರು ಬಿಳಿಚಿಕೊಂಡು ಕೂತರು. ಕಮಲಮ್ಮ ಅವರನ್ನೇ ಸಮಾಧಾನಪಡಿಸಿದರು: "ಅಳಬೇಡ್ರೀ. ನಿಮ್ಮ ಪ್ರಾರ್ಥನೆ ದೇವರಿಗೆ ಕೇಳಿಸಿದೆ ಅಷ್ಟೇ. ಇನ್ನು ಬಾಯಿ ನಿಲ್ಲತ್ತೆ."

ಆಸ್ಪತ್ರೆಗೆ ಸೇರುವ ದಿನ ಮಧ್ಯಾಹ್ನದ ಊಟವಾದ ಮೇಲೆ ನನ್ನನ್ನು ಕೆಳಗೆ ಕರೆದರು. ವರಾಂಡದಲ್ಲಿ ಈಸೆಲ್ಲಿನ ಮುಂದೆ ಶ್ರೀಕಂಠಯ್ಯನವರನ್ನು ನಿಲ್ಲಿಸಿ, ಎದುರಿಗೆ ಬೆತ್ತದ ಕುರ್ಚಿಯಲ್ಲಿ ತಾವು ಕೂತಿದ್ದರು. ಮೈಮೇಲೆ ಆಸ್ಪತ್ರೆಗೆಂದು ತೆಗೆದಿಟ್ಟ ವಾಯಲ್ ಸೀರೆ, ಪಕ್ಕದಲ್ಲಿ ಬ್ಯಾಗು, ಫ್ಲಾಸ್ಕು. ನನ್ನ ಕೈಗೆ ತಮ್ಮ ವಾಚು ಕೊಟ್ಟು, "ನೀನು ಮುಳ್ಳು ನೋಡ್ತಿರು. ಟೈಮ್ ಆದ ಕೂಡ್ಲೇ ನನಗೆ ಹೇಳು, ನಾನು ಅವರಿಗೆ ಹೇಳ್ತೀನಿ," ಎಂದರು. ಆಮೇಲೆ ಗಂಡನಿಗೆ, "ಮೂರೇ ನಿಮಿಷ. ಇವತ್ತು ಮುಂದುವರಿಸೋ ಹಾಗಿಲ್ಲ."

"ಆಟಾನಾ ಇದು? ಬಾಯಿ ಅಷ್ಟರಲ್ಲಿ ಬರತ್ತಾ?" ಎನ್ನುತ್ತಲೇ ಅವರು ಬ್ರಷ್ಷು ಎತ್ತಿಕೊಂಡರು. "ಸರಿ, ಬಾಯಿ ಮುಚ್ಕೊಂಡು ಕೂತ್ಕೋ."

"ಮುಚ್ಚಿರೋದನ್ನ ಬರೆಯೋಕೆ ನಾಳೆಯಿಂದ ಬೇಕಾದಷ್ಟು ಟೈಮಿದೆ. ಇವತ್ತು ಮಾತಾಡೋಳನ್ನ ಬರೀರಿ."

ಹೇಳಿ ಮಾತಾಡಲು ತೊಡಗಿಯೇಬಿಟ್ಟರು. ಹಾಲಿನವನಿಗೆ ಒಂದು ಪ್ಯಾಕೆಟ್ಟು ಕಡಿಮೆ ಮಾಡಲು ಹೇಳಬೇಕು, ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದರೆ ಜೋಕೆ, ಸಾರಿನ ಪುಡಿ ಮೇಲಿನ ಗೂಡಿನಲ್ಲಿದೆ, ಎದುರು ಮನೆಯವರು ವಿಚಾರಿಸಲು ಬಂದರೆ ಕೂರಿಸಿಕೊಳ್ಳಬೇಡಿ, ಅವರು ಏಳುವುದಿಲ್ಲ. ಶ್ರೀಕಂಠಯ್ಯನವರು ಒಮ್ಮೆ ಕಣ್ಣೊರೆಸಿಕೊಂಡರು, ಆಮೇಲೆ ಒರೆಸಿಕೊಳ್ಳಲೂ ಇಲ್ಲ. ದೂರ ನಿಂತು ನೋಡಲಿಲ್ಲ, ಒಂದು ಕಣ್ಣು ಮುಚ್ಚಲಿಲ್ಲ. ಬಣ್ಣ ತೆಗೆಯುವುದು, ಹಚ್ಚುವುದು. ನಾನು ಕಮಲಮ್ಮನವರಿಗೆ ಸನ್ನೆ ಮಾಡಿದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಮೂರು ನಿಮಿಷ ಆಯ್ತು."

ಅಷ್ಟೇ. ಮುಂದಿನ ಪ್ರಶ್ನೆ ಕೇಳಲಿಲ್ಲ.

ಚಿತ್ರದಲ್ಲಿ ಬಾಯಿ ಅರ್ಧ ತೆರೆದಿತ್ತು. ಗಂಭೀರ ಭಾವಚಿತ್ರಗಳಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಕೆಳತುಟಿ ಎಡಕ್ಕೆ ಜಾರಿತ್ತು, ಹಲ್ಲು ಒಂದೆರಡು ಹೆಚ್ಚೇ ಇದ್ದ ಹಾಗಿತ್ತು. ಆದರೆ ಅದು ಕಮಲಮ್ಮ. ಶ್ರೀಕಂಠಯ್ಯನವರು ನೋಡಿ, "ಅಯ್ಯೋ, ಆ ತುದಿ ಒಂದು ಸರಿ ಮಾಡಿಬಿಡ್ತೀನಿ," ಎನ್ನುತ್ತ ಹಳೆಯ ಚಾಳಿಯಂತೆ ಟರ್ಪೆಂಟೈನಿಗೆ ಕೈಚಾಚಿದರು. ಬಾಟಲು ಇರಲಿಲ್ಲ. ಕಿಟಕಿಯ ಮೇಲೆ ನೋಡಿದರು, ಬೆಂಚಿನ ಕೆಳಗೆ ನೋಡಿದರು.

"ಹುಡುಕಬೇಡಿ. ನನ್ನ ಬ್ಯಾಗಲ್ಲಿದೆ. ಆಟೋ ಕರೀರಿ," ಎಂದರು ಕಮಲಮ್ಮ.

ಟರ್ಪೆಂಟೈನ್ ಬಾಟಲು ಟವೆಲ್ಲು, ಸೋಪಿನ ಡಬ್ಬಿಗಳ ಜೊತೆ ಆಸ್ಪತ್ರೆಗೆ ಹೋಯಿತು. ವಾರ್ಡಿನ ನರ್ಸು ಅದನ್ನು ಮೂಸಿ ನೋಡಿ ಗಾಬರಿಪಟ್ಟರಂತೆ. ಕಮಲಮ್ಮ ಮನೆಗೆ ಬರುವಷ್ಟರಲ್ಲಿ ಬಣ್ಣ ಒಣಗಿ, ಚಿತ್ರ ತೇಗದ ಚೌಕಟ್ಟು ಸೇರಿ, ಒರೆಸುವ ಮಾತು ಮುಗಿದಿತ್ತು. ಅವರ ದನಿಯೂ ಮುಗಿದಿತ್ತು. ಉಳಿದದ್ದು ಒಂದು ಪಿಸುಮಾತು, ಹತ್ತಿರ ಹೋಗಿ ಕಿವಿಗೊಟ್ಟರೆ ಮಾತ್ರ ಕೇಳುವಂಥದ್ದು. ಕೊರಳಿಗೆ ಬ್ಯಾಂಡೇಜಿದ್ದ ಅವರು ಚೌಕಟ್ಟಿನೊಳಗೆ ಕೂತ ತಮ್ಮನ್ನು ಬಹಳ ಹೊತ್ತು ನೋಡಿದರು. ತಿರುಗಿ ಎದುರು ಗೋಡೆಯನ್ನು ನೋಡಿದರು. ನನ್ನನ್ನು ಬಾಗಿಸಿಕೊಂಡು ಕಿವಿಯಲ್ಲಿ ಹೇಳಿದರು: "ಅತ್ತೆಗಿಂತ ಚೆನ್ನಾಗಿ ಬಂದಿದೀನಿ."

ಆಮೇಲೆ ಅವರು ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಅತಿಥಿಗಳು ಹೇಳಿದ್ದನ್ನೇ ಹೇಳತೊಡಗಿದರೆ ಈಗ ಚಮಚದಿಂದ ಲೋಟಕ್ಕೆ ಮೂರು ಏಟು ಹಾಕುತ್ತಿದ್ದರು. ಪಕ್ಕದ ಮನೆಗೂ ಕೇಳಿಸುತ್ತಿತ್ತು. ಇದು ಮೊದಲಿಗಿಂತ ವಾಸಿ ಎಂದು ಪಿಸುಗುಟ್ಟುತ್ತಿದ್ದರು. ಅಷ್ಟರಲ್ಲಿ ನನಗೆ ಬೇರೆ ಊರಿನ ಕಾಲೇಜಿಗೆ ವರ್ಗವಾಯಿತು. ಫೋನಿನಲ್ಲಿ ಅವರ ಪಿಸುಮಾತು ಕೇಳುತ್ತಿರಲಿಲ್ಲ. ಆದ್ದರಿಂದ ನಾನು ಮಾತಾಡುವುದು, ಅವರು ಕೇಳುವುದು, ಕೊನೆಗೆ ಆ ಕಡೆಯಿಂದ ಟಣ್ ಟಣ್ ಟಣ್. ಜೀವಮಾನವೆಲ್ಲ ಊರಿನ ಮಾತು ಜೋಡಿಸಿದವರಿಗೆ ಫೋನಿನಲ್ಲಿ ಅಷ್ಟೇ ಉಳಿದಿತ್ತು. ನನಗದು ಸಹಿಸಲು ಕಷ್ಟವಾಗುತ್ತಿತ್ತು. ಅವರಿಗೆ ಹೇಗಿತ್ತೋ, ಒಮ್ಮೆಯೂ ತೋರಿಸಿಕೊಳ್ಳಲಿಲ್ಲ.

ಅವರು ಹೋದ ಸುದ್ದಿ ನನಗೆ ತಡವಾಗಿ ತಲುಪಿತು. ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಶ್ರೀಕಂಠಯ್ಯನವರು ವರಾಂಡದಲ್ಲಿ ಹೂವಿನವಳ ಚಿತ್ರ ಬರೆಯುತ್ತಿದ್ದರು. ಗೋಡೆಯುದ್ದಕ್ಕೂ ಚಿತ್ರಗಳು: ಹಾಲಿನವನು, ಎದುರು ಮನೆಯವರು, ಆಟೋ ಡ್ರೈವರು. ಅರ್ಧಕ್ಕರ್ಧ ಕೆಟ್ಟದಾಗಿದ್ದವು. ಎಲ್ಲಕ್ಕೂ ಬಾಯಿತ್ತು. ನಡುಮನೆಯಲ್ಲಿ ತೇಗದ ಚೌಕಟ್ಟಿನೊಳಗೆ ಕಮಲಮ್ಮ ಇದ್ದರು, ಹಾರ ಇರಲಿಲ್ಲ.

"ಹಾಕೋಕೆ ಹೋದೆ ಕಣಮ್ಮ," ಎಂದರು. "ಏನಾದ್ರೂ ಅಂದ್ಬಿಡ್ತಾಳೇನೋ ಅನ್ನಿಸ್ತು."

ನಾನು ಅದರ ಎದುರಿಗೇ ಕೂತು, ಎಂಥವರು ಆಂಟಿ, ನನಗೆ ಎಷ್ಟು ಮಾಡಿದರು ಎಂದೆಲ್ಲ ಹೇಳಿದೆ. ಅದು ಮುಗಿದ ಮೇಲೆ, ಎಂಥವರು ಆಂಟಿ ಎಂದು ಮತ್ತೆ ಶುರುಮಾಡಿದೆ. ಕಣ್ಣು ಮೇಲೆ ಹೋಯಿತು. ಆ ಬಾಯಿ ಅರ್ಧ ತೆರೆದಿತ್ತು. ನಾನು ಮಾತು ನಿಲ್ಲಿಸಿ, ಬ್ಯಾಗು ಎತ್ತಿಕೊಂಡು ಎದ್ದುಬಿಟ್ಟೆ.

ಶ್ರೀಕಂಠಯ್ಯನವರು ನನ್ನನ್ನೂ ಚಿತ್ರವನ್ನೂ ನೋಡಿ, ಅಳುವ ಮುಖದಲ್ಲೇ ನಕ್ಕರು. "ಬಂದೋರೆಲ್ಲ ಹೀಗೇ ಎದ್ದು ಹೋಗ್ತಾರಮ್ಮ. ನಾನೊಬ್ಬನೇ ಕೂತಿರ್ತೀನಿ."

ಗೇಟಿನ ಚಿಲಕ ಹಾಕಿದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಎಷ್ಟೋ ಭಾನುವಾರ ಅವರು ನನ್ನನ್ನು ಕೇಳಿದ್ದರು, ಮುಂದುವರಿಸ್ತೀಯಾ ಎಂದು. ಪ್ರತಿಸಲವೂ ನಾನು ನಗುತ್ತ ಎದ್ದು ಮಹಡಿ ಹತ್ತಿದ್ದೆ. ಈಗ ಕೇಳಿದ್ದರೆ ಹೂಂ ಎನ್ನುತ್ತಿದ್ದೆ.