ಇಪ್ಪತ್ತೆರಡನೆಯ ಪುಟದ ಆಚೆ

ಗ್ರಂಥಾಲಯದ ಕಿಟಕಿಯ ಬಳಿ ನಿಂತು, ಮುಚ್ಚಿದ ಪುಸ್ತಕದ ಅಂಚನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ಆ ಮೇಡಮ್ಮನವರು ಗೆದ್ದಲು ಹುಡುಕುವ ಕೆಲಸಕ್ಕೆ ಬಂದವರೆಂದು, ಅಲ್ಲಿಗೆ ಹೊಸದಾಗಿ ಸೇರಿದ್ದ ಗುಮಾಸ್ತ ನಾನು ಬಹಳ ದಿನ ನಂಬಿದ್ದೆ. ಅವರು ಹುಡುಕುತ್ತಿದ್ದದ್ದು ಕೊಳೆಯನ್ನು.

ಇಪ್ಪತ್ತಾರು ವರ್ಷದಿಂದ ಅವರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಹುಡುಗರು ಇಟ್ಟ ಹೆಸರು 'ಸರ್ಕಾರ'. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ, "ಸರ್ಕಾರ ಕುಂಟ್ತಾ ಇದೆ ಕಣ್ರೋ, ಆದ್ರೂ ಬೀಳಲ್ಲ" ಎಂಬ ಕೂಗು ಕೇಳುತ್ತಿತ್ತು. ಅವರಿಗೂ ನಗು ಬರುತ್ತಿತ್ತು, ಆದರೆ ನಗುವಷ್ಟು ಉಸಿರು ಉಳಿದಿರುತ್ತಿರಲಿಲ್ಲ.

ಈಗ ಬೀಳುವ ಕಾಲವೇ ಬಂದಿತ್ತು. ತರಗತಿಯಲ್ಲಿ ಉಳಿದವರು ಒಂಬತ್ತೇ ಮಂದಿ. ಮುಂದಿನ ವರ್ಷ ಹದಿನೈದಾಗದಿದ್ದರೆ ವಿಭಾಗಕ್ಕೆ ಬೀಗ, ಮೇಡಮ್ಮನವರಿಗೆ ಅಂಕಪಟ್ಟಿಗೆ ಮೊಹರು ಒತ್ತುವ ಕೆಲಸ. ಬಿಟ್ಟುಹೋದವರದೆಲ್ಲ ಒಂದೇ ಮಾತು: "ಪುಸ್ತಕ ತೆಗೆದ್ರೆ ನಿದ್ದೆ ಬರತ್ತೆ ಮೇಡಂ."

ಆ ಪಠ್ಯಪುಸ್ತಕ ಬರೆದವರು ವಿಭಾಗದ ಮುಖ್ಯಸ್ಥರು. ಆರುನೂರು ಪುಟ. ರಾಜ್ಯ ಎಂದರೇನು ಎಂಬುದಕ್ಕೇ ಹದಿನಾಲ್ಕು ವ್ಯಾಖ್ಯೆ, ಹದಿನೈದನೆಯದು ಅವರದೇ.

ಬೇರೆ ಪುಸ್ತಕಕ್ಕಾಗಿ ಮೇಡಮ್ಮನವರು ಮೂರು ವರ್ಷ ಅಲೆದರು. ಮಾರುವವರು ಎಲ್ಲವನ್ನೂ ಹೊಗಳುತ್ತಾರೆ, ಹುಡುಗರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಬೆರಳಿನ ಕೊಳೆ ಮಾತ್ರ ಸುಳ್ಳು ಹೇಳುವುದಿಲ್ಲ: ಓದಿದಷ್ಟು ದೂರ ಅಂಚು ಕಪ್ಪು, ಕೈಬಿಟ್ಟಲ್ಲಿಂದ ಬಿಳಿ. ಮುಖ್ಯಸ್ಥರ ಪುಸ್ತಕದ ಎಂಟು ಪ್ರತಿಗಳಲ್ಲೂ ಕಪ್ಪು ಇಪ್ಪತ್ತೆರಡನೆಯ ಪುಟಕ್ಕೆ ನಿಂತಿತ್ತು. ಕೊನೆಗೆ ಮೂಲೆಯ ಕಪಾಟಿನಲ್ಲಿ ಹೊಲಿಗೆ ಬಿಚ್ಚಿದ ಸಣ್ಣ ಪುಸ್ತಕವೊಂದು ಸಿಕ್ಕಿತು. ಬೀದಿಯ ನಲ್ಲಿ ಕೆಟ್ಟರೆ ಅರ್ಜಿ ಯಾವ್ಯಾವ ಮೇಜು ಹತ್ತಿ ಇಳಿಯುತ್ತದೆ ಎಂಬಲ್ಲಿಂದ ಶುರುವಾಗಿ ಸಂಸತ್ತಿನ ತನಕ ಹೋಗುತ್ತಿತ್ತು. ಅಂಚು ಕೊನೆಯ ಪುಟದವರೆಗೂ ಇದ್ದಿಲು.

ಮುಂದಿನ ವರ್ಷದ ಪಠ್ಯಪುಸ್ತಕ ಆಯ್ಕೆ ಸಭೆಯ ದಿನ ಗಂಡ ಬಾಗಿಲಲ್ಲಿ ಚೀಲ ಕೊಡುತ್ತಾ, "ನೋಡೇ, ಇವತ್ತು ಬಾಯಿಗೆ ಬೀಗ ಹಾಕ್ಕೋ. ಅವರ ಪುಸ್ತಕಾನೇ ಚೆನ್ನಾಗಿದೆ ಅಂದ್ಬಿಟ್ಟು ಬಾ" ಎಂದರು.

"ಅಂದ್ರೆ ಬರೋ ವರ್ಷ ಬೆಂಚುಗಳಿಗೆ ಪಾಠ ಮಾಡ್ಬೇಕು, ಅಷ್ಟೇ."

"ಬೆಂಚು ನಿದ್ದೆ ಮಾಡಲ್ಲವಲ್ಲ!"

ದಾರಿಯುದ್ದಕ್ಕೂ ಮೇಡಮ್ಮನವರು ಬೆಣ್ಣೆಯಂಥ ಮಾತುಗಳನ್ನು ಹೊಂದಿಸಿಕೊಂಡರು. 'ತಮ್ಮ ಗ್ರಂಥ ಪಂಡಿತರಿಗೆ, ಇದು ಮಕ್ಕಳಿಗೆ' ಎನ್ನುವುದೆಂದು ತೀರ್ಮಾನವಾಯಿತು.

ಪ್ರಾಂಶುಪಾಲರು ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಡಿಸಿ, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ಮುಖ್ಯಸ್ಥರು ಸಣ್ಣ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, "ಥೂ, ಏನ್ರೀ ಇದು, ಮಸಿ ಬಟ್ಟೆ!" ಎಂದು ಕೆಳಗಿಟ್ಟರು. ತಮ್ಮದನ್ನು ಮಗುವಿನಂತೆ ಎತ್ತಿಕೊಂಡು ನಡುವೆ ತೆರೆದರು. ಹಾಲಿನಂಥ ಹಾಳೆಗಳು. ಅವರ ಕಣ್ಣು ತುಂಬಿ ಬಂತು.

"ಹತ್ತು ವರ್ಷದಿಂದ ಒಂದು ಕಲೆಯೂ ಆಗದ ಹಾಗೆ ಇಟ್ಕೊಂಡಿದ್ದಾರೆ ನೋಡಿ. ಹುಡುಗರಿಗೆ ಈ ಪುಸ್ತಕದ ಮೇಲೆ ಎಷ್ಟು ಗೌರವ ಇರ್ಬೇಕು, ಅಲ್ವಾ ಮೇಡಂ?"

ಮೇಡಮ್ಮನವರು ಆ ಬಿಳಿ ಅಂಚನ್ನೇ ನೋಡಿದರು. ಹೊಂದಿಸಿಟ್ಟ ಬೆಣ್ಣೆ ಎಲ್ಲಿ ಕರಗಿತೋ ಏನೋ.

"ಗೌರವ ಅಲ್ಲ ಸಾರ್, ಅದನ್ನ ಯಾರೂ ಓದಿಲ್ಲ."